ರೇಡಿಯೋನ ಕುರ್ಚಿಯಲ್ಲಿ ಹೆಂಡತಿ

ಕೇಳಿ ಇಲ್ಲಿ. ಮೊನ್ನೆ ಮನೆಯವರ ಗ್ರೂಪಿಗೆ ವಾಯ್ಸ್ ಮೆಸೇಜಿನಲ್ಲಿ ಕಳಿಸಿದ ಕತೆಗೆ ‘ಅಜ್ಜನಿಗೆ ಅರಳುಮರಳು’ ಎಂದು ಬರೆದಿರಲ್ಲ, ನಿಮ್ಮ ಬಾಯಿಗೆ ಮಣ್ಣು ಬೀಳ. ನಿನ್ನೆ ಏನು ಉಂಡಿರಿ ಎಂದರೆ ತಲೆ ಕೆರೆದುಕೊಳ್ಳುವ ನೀವು ನನ್ನ ನೆನಪಿಗೆ ಸರ್ಟಿಫಿಕೇಟ್ ಕೊಡುತ್ತೀರಾ? ಸುಮ್ಮನೆ ಕೇಳಿಸಿಕೊಳ್ಳಿ.

ನಮ್ಮೂರ ಕಟಿಂಗ್ ಶಾಪಿನವನಿಗೆ ಗಿರಾಕಿಗಳು ಇಟ್ಟ ಹೆಸರು ರೇಡಿಯೋ. ಕತ್ತರಿ ಕೈಗೆ ಬಂದರೆ ಸಾಕು, ಬಾಯಿ ತಾನೇ ಬಿಚ್ಚಿಕೊಳ್ಳುತ್ತಿತ್ತು. ಕುರ್ಚಿಯಲ್ಲಿ ಕೂತವನ ಮುಖ ಕನ್ನಡಿಯಲ್ಲಿ ನೋಡುತ್ತಾ ಸೊಸೆಯ ಜಗಳ, ಮೊಣಕಾಲು ನೋವು, ಎಲ್ಲ ವಿಚಾರಿಸುತ್ತಿದ್ದ. ಅದೇ ಮನುಷ್ಯ ಅಂಗಡಿ ಮುಚ್ಚಿ ಮಹಡಿಯ ಮನೆಗೆ ಹತ್ತಿದರೆ ಬಾಯಿಗೆ ಬೀಗ. ‘ಹೂಂ’, ‘ಉಹೂಂ’, ‘ಬಡಿಸು’, ಅಷ್ಟೇ. ಜಗಳ ಗಿಗಳ ಏನೂ ಇರಲಿಲ್ಲ. ದಿನವಿಡೀ ಮಾತಾಡಿ ಗಂಟಲು ಒಣಗಿದೆ ಎಂದು ಶುರುವಾದದ್ದು, ಮಗಳ ಮದುವೆಯಾಗಿ ಇಬ್ಬರೇ ಉಳಿದ ಮೇಲೆ ರೂಢಿಯಾಗಿಬಿಟ್ಟಿತು.

ಒಂದು ದಿನ ಮಗಳು ಫೋನ್ ಮಾಡಿ, ‘ಮಗು ನೋಡ್ಕೊಳ್ಳೋಕೆ ಬಾಮ್ಮ, ಇಲ್ಲೇ ಇದ್ದುಬಿಡು’ ಎಂದಳು. ಹೆಂಡತಿ ಅಟ್ಟದಿಂದ ಸೂಟ್‌ಕೇಸ್ ಇಳಿಸಿದಳು.

‘ಸೋಮವಾರ ಹೊರಡ್ತೀನಿ. ವಾಪಸ್ ಯಾವಾಗ ಅಂತ ಗೊತ್ತಿಲ್ಲ.’

ರೇಡಿಯೋ ಬೇಡ ಎನ್ನಬೇಕೆಂದುಕೊಂಡ. ಆದರೆ ‘ಹೂಂ’ ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ. ನೀರು ಸುರಿದುಕೊಳ್ಳುತ್ತಾ ‘ಹೋಗ್ಬೇಡ’ ಎಂದು ಒಬ್ಬನೇ ಹೇಳಿ ನೋಡಿದ. ಹೊರಗೆ ಬರುವಷ್ಟರಲ್ಲಿ ಅದೂ ಮಾಯ.

ಭಾನುವಾರ ಬೆಳಿಗ್ಗೆ ಅಂಗಡಿ ತುಂಬ ಜನ. ಹೆಂಡತಿ ಮೆಟ್ಟಿಲಿಳಿದು ಬಂದು, ಬೆಂಚಿನ ಮೇಲೆ ರಿಟೈರ್ಡ್ ಪೋಸ್ಟ್‌ಮ್ಯಾನ್ ಪಕ್ಕದಲ್ಲಿ ಕೂತಳು.

‘ಏನೇ? ಏನಾಯ್ತು?’ ಎಂದ ರೇಡಿಯೋ.

‘ಕೂದಲ ತುದಿ ಕತ್ತರಿಸ್ಬೇಕು. ನನ್ನ ಸರದಿ ಬರಲಿ, ಅವಸರ ಇಲ್ಲ.’

ಸರದಿ ಬಂತು. ಅವಳು ಕುರ್ಚಿ ಏರಿದಳು. ಅವನು ಕೊರಳಿಗೆ ಬಟ್ಟೆ ಕಟ್ಟಿದ, ಜಡೆ ಬಿಚ್ಚಿದ, ನೀರು ಚಿಮುಕಿಸಿದ. ಆ ಕೂದಲು ಮುಟ್ಟಿ ಎಷ್ಟು ವರ್ಷವಾಗಿತ್ತೋ. ಕಿವಿಯ ಹಿಂದೆ ಪೂರ್ತಿ ಬೆಳ್ಳಗಾಗಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಕತ್ತರಿ ಕೈಗೆ ಬಂತು, ಕಣ್ಣು ಕನ್ನಡಿಗೆ ಹೋಯಿತು, ಬಾಯಿ ಅಭ್ಯಾಸಬಲದಿಂದ ಕೇಳಿಯೇಬಿಟ್ಟಿತು:

‘ಮತ್ತೆ, ಮನೇಲೆಲ್ಲ ಹೇಗಿದ್ದಾರೆ?’

ಇಡೀ ಬೆಂಚು ಗೊಳ್ಳೆಂದಿತು. ಅವಳು ಮಾತ್ರ ನಗದೆ ಕನ್ನಡಿಯಲ್ಲೇ ಅವನನ್ನು ನೋಡಿದಳು.

‘ಇರೋದು ಇಬ್ಬರೇ. ಅದರಲ್ಲಿ ಒಬ್ಬರು ಮಾತಾಡಲ್ಲ.’

‘ಯಾಕಂತೆ?’

‘ಅವರನ್ನೇ ಕೇಳ್ಬೇಕು. ಗೋಡೆ ಜೊತೆ ಮಾತಾಡಿ ಸಾಕಾಗಿ ನಾನು ಮಗಳ ಮನೆಗೆ ಹೊರಟಿದ್ದೀನಿ.’

ಕತ್ತರಿ ನಿಂತಿತು. ಆದರೆ ಬಾಯಿ ನಿಲ್ಲಲಿಲ್ಲ.

‘ಅವರಿಗೆ ಮಾತು ಬರಲ್ಲ ಅಂತಲ್ಲ. ಇಲ್ಲಿ ಯಾರು ಏನಂದ್ರೂ ಸಂಜೆ ಕೂದಲ ಜೊತೆ ಗುಡಿಸಿ ಎಸೀಬಹುದು. ಮನೇಲಿ ಹಂಗಲ್ಲ. ನೀನು ಅಂದಿದ್ದು ಒಳಗೇ ಉಳಿಯುತ್ತೆ. ಅದಕ್ಕೇ ಅವರಿಗೆ ಹೆದರಿಕೆ.’

‘ನಾನು ಹೋಗ್ತೀನಿ ಅಂದಾಗ ಅವರು ಬೇಡ ಅಂದ್ರಾ?’

‘ಬೇಡ’ ಎಂದ, ಗಂಟಲಲ್ಲೇ.

‘ಜೋರಾಗಿ ಹೇಳಪ್ಪ, ಬೆಂಚಿಗೆ ಕೇಳಿಸಲಿಲ್ಲ’ ಎಂದ ಪೋಸ್ಟ್‌ಮ್ಯಾನ್.

‘ಹೋಗ್ಬೇಡ ಕಣೇ. ನೀನಿಲ್ದೆ ಆ ಮೆಟ್ಟಿಲು ಹತ್ತೋಕೆ ನನ್ನ ಕೈಲಾಗಲ್ಲ.’

ಅವಳು ಕನ್ನಡಿಯಲ್ಲಿ ಕೂದಲು ನೋಡಿಕೊಂಡು, ‘ಮೊದಲು ಆ ಎಡಗಡೆ ಸರಿ ಮಾಡಿ. ಗಿಡ್ಡ ಮಾಡಿಬಿಟ್ರಿ’ ಎಂದಳು. ಅವನು ಮತ್ತೆ ಕತ್ತರಿ ಆಡಿಸಿದ.

ಮಗುವನ್ನಂತೂ ಬಿಡುವ ಹಾಗಿರಲಿಲ್ಲ. ಬೇರೆ ಯಾರಾದರೂ ಸಿಗುವವರೆಗೆ ಮಾತ್ರ ಎಂದು ಮಗಳಿಗೆ ಕಡ್ಡಿ ಮುರಿದಂತೆ ಹೇಳಿ ಸೋಮವಾರ ಹೊರಟಳು. ರೇಡಿಯೋ ಶಟರ್ ಎಳೆದು ತಾನೂ ಬಸ್ಸು ಹತ್ತಿದ. ಪಕ್ಕ ಪಕ್ಕ ಕೂತರು, ಎದುರಿಗೆ ಕನ್ನಡಿ ಇರಲಿಲ್ಲ. ಮೊದಲು ತಡವರಿಸಿದ, ಆಮೇಲೆ ಮಾತು ಹತ್ತಿಕೊಂಡಿತು. ಅರ್ಧ ದಾರಿಯಲ್ಲಿ ಅವಳು ಅವನ ಹೆಗಲಿಗೆ ಒರಗಿ ನಿದ್ದೆ ಹೋದಳು. ಅವನು ದನಿ ತಗ್ಗಿಸಿದ, ಮಾತು ನಿಲ್ಲಿಸಲಿಲ್ಲ.

ಇಷ್ಟೇ. ಕೇಳಿ ಅಳಿಸಬೇಡಿ, ನಾಲ್ಕು ಜನಕ್ಕೆ ಕಳಿಸಿ. ಊರಿಗೆಲ್ಲ ಹರಟಿ ಮನೆಯಲ್ಲಿ ಮೂಕನಾಗುವ ಭಾವನೋ ಚಿಕ್ಕಪ್ಪನೋ ಇದ್ದರೆ ಮೊದಲು ಅವನಿಗೆ.