ಕೊನೆಯ ಎರಡು ಸಾಲು

ಆಟದ ಕೊನೆಗೆ ನಟರೆಲ್ಲ ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಚಪ್ಪಾಳೆ ಪಡೆಯುವಾಗ ಕಟ್ಟಕಡೆಗೆ ಇಳಿಯತಕ್ಕವರು ಯಾರು ಎಂಬುದು ಸಾಮ್ರಾಜ್ಯಗಳ ಅಳಿವು ಉಳಿವಿಗಿಂತ ಸಣ್ಣ ಪ್ರಶ್ನೆಯೇನಲ್ಲ, ಅದು ಇತ್ಯರ್ಥವಾಗಿದೆ, ವಿಲ್ಫ್ ಗ್ರಿಂಡಲ್ ಇಳಿಯತಕ್ಕದ್ದು, ಕೇಡನ್ ಅವನಿಗಿಂತ ಮೊದಲು ಇಳಿದು ಪಕ್ಕಕ್ಕೆ ಸರಿಯತಕ್ಕದ್ದು — ಬೆಳ್ಳಿ ಬಣ್ಣ ಇನ್ನೂ ಹಸಿ, ಹೆಂಗಸಿನ ವೇಷದ ಬೂಟಿನ ಅಟ್ಟೆಗೆ ಅಂಟುತ್ತಿದೆ, ಪರದೆಯ ಹಿಂದೆ ಮರದ ಮೆಟ್ಟಿಲ ತುದಿಯಲ್ಲಿ ವಿಲ್ಫ್ ಒಂದು ಕಾಲೆತ್ತಿ ನೋಡಿದ, ಇನ್ನೊಂದೆತ್ತಿದ, ಈ ಕ್ಲೀಥೋರ್ಪ್ಸ್‌ನವರಿಗೆ ಮೆಟ್ಟಿಲಿಗೆ ಬಣ್ಣ ಬಳಿಯಲೂ ಬಾರದು, ನಗಲೂ ಬಾರದು, ಆಟ ಶುರುವಾದಾಗಿನಿಂದಲೂ ಬರೀ ಕೆಮ್ಮು ಮತ್ತು ಮಿಠಾಯಿ ಕಾಗದದ ಚರಪರ, ಕ್ರಿಸ್‌ಮಸ್ ನಾಟಕವೆಂದರೆ ಮಕ್ಕಳನ್ನು ಎರಡು ಗಂಟೆ ಕೂಡಿಹಾಕುವ ಜಾಗ ಇವರಿಗೆ, ಪರದೆಯ ಸೀಳಿನಲ್ಲಿ ಮೊದಲ ಸಾಲಿನ ಅಂಚು ಕಾಣುತ್ತದೆ, ಅಲ್ಲಿ ಫಿಲಿಪ್ಪಾಳ ಮಡಿಲು, ಮಡಿಲಲ್ಲಿ ಕೆಂಪು ಕೈಗವಸುಗಳು, ಒಂದರ ಮೇಲೊಂದು, ಆಟದುದ್ದಕ್ಕೂ ಅಲುಗಿಲ್ಲ. ಲಂಡನ್ನಿನ ಟೀವಿಯವಳು, ಶನಿವಾರದ ಹೊಸ ಕಾರ್ಯಕ್ರಮ ನಡೆಸಿಕೊಡಲು ಒಬ್ಬ ಬೇಕಂತೆ, ಫೋನಿನಲ್ಲಿ ಹೇಳಿದ್ದಳು, ಆಟ ಎಲ್ಲಾ ನಂಗೆ ಬೇಡ ವಿಲ್ಫ್, ಕೊನೇಲಿ ಜನಾನ ನೀವು ಮನೆಗೆ ಹೇಗೆ ಕಳಿಸ್ತೀರಿ, ಅದನ್ನ ನೋಡ್ಬೇಕು. ಹೇಗೆ ಕಳಿಸುತ್ತಾನೆ! ಒಂದು ಕಾಲಕ್ಕೆ ಟೀವಿಯಲ್ಲಿ ಇಡೀ ದೇಶವನ್ನು ಶನಿವಾರ ಶನಿವಾರ ಮಲಗಲು ಕಳಿಸಿದವನು, ನಾನಲ್ಲ ಸ್ವಾಮಿ ನಮ್ಮತ್ತೆ — ಇಷ್ಟೇ ಮಾತು, ಅದನ್ನು ಬಸ್ಸಿನ ಕಿಟಕಿಯಿಂದ ಕೂಗುತ್ತಿದ್ದರು, ಮೂತ್ರಖಾನೆಯಲ್ಲಿ ಪಕ್ಕಕ್ಕೆ ನಿಂತವನು ಕೂಗುತ್ತಿದ್ದ, ನಿಜವಾದ ಅತ್ತೆಯನ್ನು ಮಣ್ಣುಮಾಡಿದ ದಿನ ಪೆಟ್ಟಿಗೆ ಹೊತ್ತವನೊಬ್ಬ ಮುಗ್ಗರಿಸಿ, ತಿರುಗಿ ನೋಡಿ, ಮೆಲ್ಲಗೆ ಅದನ್ನೇ ಅಂದ, ವಿಲ್ಫ್‌ನ ಹೆಂಡತಿಯೂ ಕೇಳಿಸಿಕೊಂಡಳು, ಮದುವೆ ಮುಗಿದದ್ದು ಅಲ್ಲಿಗೇ. ಅದಕ್ಕೂ ಮೊದಲು ರಾದರಂನ ಗಣಿಯವರ ಕ್ಲಬ್ಬು, ಅವನು ಜೋಕಿನ ತುದಿ ಮುಟ್ಟುವ ಹೊತ್ತಿಗೆ ಸರಿಯಾಗಿ ಕಾರ್ಯದರ್ಶಿ ಮೈಕು ಕಿತ್ತುಕೊಂಡು, ಪೈ ಬಂದಿದೆ, ಬಿಸಿ ಇದೆ, ಸಾಲಾಗಿ ಬನ್ನಿ, ಈ ಹುಡುಗ ಇಲ್ಲೇ ಇರ್ತಾನೆ. ಎದ್ದರು, ಎಲ್ಲರೂ, ಮಾಂಸದ ಪೈಗೆ. ಅಂದೇ ತಿಳಿಯಿತು ಪ್ರೇಕ್ಷಕರೆಂದರೆ ಏನೆಂದು. ಕೊನೆಗೆ ಕ್ಯಾನ್‌ವಾಸ್ ಬೂಟಿನ ಟೀವಿಯ ಮರಿ ಅಧಿಕಾರಿಯೊಬ್ಬ, ಸೊಪ್ಪು ಮೆಲ್ಲುತ್ತಾ, ಜನ ಈಗ ಅತ್ತೆಯಂದಿರನ್ನ ನೋಡಿ ನಗ್ತಾ ಇಲ್ಲ ವಿಲ್ಫ್, ನಗದೆ ಮತ್ತೇನ್ ಮಾಡ್ತಾರಯ್ಯಾ, ಪ್ರೀತಿಸ್ತಾರೆ — ಪ್ರೀತಿಸುತ್ತಾರಂತೆ, ಅಲ್ಲಿಗೆ ಟೀವಿ ಮುಗಿಯಿತು, ಅವತ್ತಿನಿಂದ ಕಡಲಂಚಿನ ರಂಗಮಂದಿರಗಳು, ವರ್ಷ ವರ್ಷ ಇದೇ ಲಂಗ, ಇದೇ ಬಲೂನಿನ ಎದೆ, ಈ ನಾಟಕಗಳಲ್ಲಿ ಗಂಡಸೇ ಆಡುವ ನಗೆಪಾತ್ರ, ನಾಯಕನ ಅಮ್ಮ.

ಕೇಡನ್ ಇಳಿಯುತ್ತಿದ್ದಾನೆ, ಕಿರುಚಾಟ ನೋಡು, ರಾಜಕುಮಾರ! ಏನು ಮಾಡಿದ್ದಾನೆ ಅವನು, ಟೀವಿಯ ಅಡುಗೆ ಸ್ಪರ್ಧೆಯಲ್ಲಿ ಅವನ ಕೇಕು ಕುಸಿಯಿತು, ಅತ್ತ, ದೇಶವೂ ಅತ್ತಿತು, ಅಷ್ಟೇ, ಕುಸಿದ ಕೇಕಿನ ಮೇಲೆ ಕಟ್ಟಿದ ಕೀರ್ತಿ, ಎದುರು ಸಿಕ್ಕಾಗಲೆಲ್ಲ ಏನ್ ದಂತಕಥೆಗಳೇ, ಟೀ ಆಯ್ತಾ, ಅಂತ ಭುಜ ತಟ್ಟುತ್ತಾನೆ. ಮೊದಲು ಕಡೆಗೆ ಮೆಟ್ಟಿಲಿಳಿಯುವುದೂ ಅವನದೇ, ಜನರನ್ನು ಮನೆಗೆ ಕಳಿಸುವ ಕೊನೆಯ ಎರಡು ಪ್ರಾಸದ ಸಾಲೂ ಅವನದೇ ಎಂದಿತ್ತು, ಎರಡೂ ಕೊಡದಿದ್ದರೆ ಲಂಗ ಬಿಚ್ಚಿ ರೈಲು ಹತ್ತುತ್ತೇನೆ ಎಂದು ವಿಲ್ಫ್ ಹೆದರಿಸಿ ಕಿತ್ತುಕೊಂಡ. ಸಾಲೋ — ಬರೆದವನು ಟ್ರಿಸ್ಟನ್, ವಿಶ್ವವಿದ್ಯಾಲಯದಲ್ಲಿ ಹಾಸ್ಯ ಕಲಿತು ಪಾಸಾದವನು, ಎಲ್ಲರ ಮನೆಯಲೂ ಪ್ರೀತಿಯ ದೀಪ ಉರಿಯಲಿ, ಅಜ್ಜಿಯ ಕೆನ್ನೆಗೆ ಮೊಮ್ಮಕ್ಕಳ ಮುತ್ತು ಸುರಿಯಲಿ, ಥೂ, ಅವನೆದುರಿಗೇ ಅಡ್ಡಗೆರೆ ಎಳೆದು, ಇದನ್ನ ನಿಮ್ಮಜ್ಜಿಗೇ ಕೊಡಪ್ಪ, ನನ್ ಸಾಲು ನಾನ್ ನೋಡ್ಕೋತೀನಿ. ತಾಲೀಮಿನಲ್ಲಿ ಕೊನೆಯ ಎರಡು ಸಾಲನ್ನು ಯಾರೂ ಆಡುವಂತಿಲ್ಲ, ಆಡಿದರೆ ಅಪಶಕುನ, ಜನರ ಮುಂದೆ ಮೊದಲ ಆಟದಲ್ಲೇ, ಎಂದರೆ ಇವತ್ತೇ, ಮೊದಲು ಕೇಳಬೇಕು, ಹಾಗಾಗಿ ಪ್ರತಿದಿನ ಅವನು ಇದೇ ಮೆಟ್ಟಿಲಿಳಿದು, ಕೈಚಾಚಿ, ತುಂ ತಿ ತುಂ ತಿ ತುಂ ಎಂದು ಮುಗಿಸಿದ್ದಾನೆ, ರಂಗದ ಉಸ್ತುವಾರಿ ಬ್ರೆಂಡಾ ಒಮ್ಮೆ, ಕೊನೇದು ಇದೆ ತಾನೆ ವಿಲ್ಫ್, ಇದೆ ಕಣಮ್ಮ, ಇಲ್ಲಿದೆ, ಎಂದು ತಲೆಯ ಹುಸಿಗೂದಲ ಟೋಪನ್ನು ತಟ್ಟಿ ತೋರಿಸಿದ್ದ. ಕಹಳೆ. ಅವನ ಸರದಿ. ಅಟ್ಟೆ ಕಚ್ಚುತ್ತದೆ, ಬಿಡುತ್ತದೆ, ಬೆಳಕು ಕಣ್ಣಿಗೆ ಹೊಡೆಯುತ್ತದೆ, ಚಪ್ಪಾಳೆ ಇದೆ, ಕೇಡನ್‌ನದಷ್ಟಿಲ್ಲ, ಪೈ ತಿಂದ ಕೈಗಳು, ಇಳಿ, ಇಳಿ, ನೀನೇ ಕೊನೆಯವನು, ವಾದ್ಯ ನಿಂತಿತು, ಎಲ್ಲರೂ ಅವನತ್ತ ತಿರುಗಿದರು, ಕೈಚಾಚಿದ, ಕೈಗವಸುಗಳು ಅಲ್ಲೇ ಇವೆ, ಒಂದರ ಮೇಲೊಂದು, ಬಾಯಿ ತೆರೆದ —

ಏನು. ಏನದು. ಬರೆದಿದ್ದೆನಲ್ಲ — ಬರೆದಿದ್ದೆನೇ, ಚಹಾ ಕುಡಿದು ಬರೆಯೋಣವೆಂದುಕೊಂಡದ್ದು, ನಾಳೆ ಎಂದುಕೊಂಡದ್ದು, ತುಂ ತಿ ತುಂ ಎಂದು ಆಡಿ ಆಡಿ ಅದೇ ಸಾಲಾಗಿ ಕೂತದ್ದು, ಟೋಪಿನೊಳಗೆ ಬೆವರು ಬಿಟ್ಟರೆ ಏನಿದೆ, ಉರಿಯಲಿ ಸುರಿಯಲಿ, ಛೆ, ಅದಲ್ಲ, ಸತ್ತರೂ ಅದಲ್ಲ, ನಾನಲ್ಲ ಸ್ವಾಮಿ — ಅದನ್ನಾದರೂ, ಬೇಡ, ಈ ಮಕ್ಕಳು ಹುಟ್ಟುವ ಮೊದಲೇ ಸತ್ತ ಮಾತು, ಸಭೆಯಲ್ಲಿ ಒಬ್ಬನೂ ಕೆಮ್ಮುತ್ತಿಲ್ಲ, ಈಗ ಕೆಮ್ಮಬಾರದೇ ಮುಂಡೇವು. ಹೇಳಿ ದಂತಕಥೆಗಳೇ, ಎಂದು ಪಕ್ಕದಿಂದ ಪಿಸುಮಾತು. ಅವನ ಬಾಯಿ ತಾನೇ ಆಡಿತು, ಗಟ್ಟಿಯಾಗಿ, ಸೊಗಸಾಗಿ, ಹಿಂದಿನ ಸಾಲಿಗೂ ಕೇಳುವ ಹಾಗೆ, ತುಂ ತಿ ತುಂ ತಿ ತುಂ. ನಗು ಬರಲಿಲ್ಲ. ಅಯ್ಯೋ ಪಾಪ, ಎಂದಿತು ಕತ್ತಲಲ್ಲಿ ಒಂದು ಹೆಂಗಸಿನ ದನಿ, ಪಾಪವಂತೆ, ನಲವತ್ತು ವರ್ಷ ಇವರನ್ನು ನಗಿಸಿದ್ದಕ್ಕೆ — ಅಷ್ಟರಲ್ಲಿ ಕೇಡನ್ ಮುಂದೆ ಬಂದು ಅವನ ಕೈ ಹಿಡಿದ, ಒದ್ದೆ ಕಣ್ಣು, ಕೇಕು ಮತ್ತೆ ಕುಸಿದಿದೆ, ಈ ಸಲದ ಕೇಕು ವಿಲ್ಫ್, ಮುದುಕನಿಗೆ ಮರೆವಿನ ಕಾಯಿಲೆ ಎಂದು ನಂಬಿ ನಡುಗುವ ದನಿಯಲ್ಲಿ ಶುರುಮಾಡಿದ, ಎಲ್ಲರ ಮನೆಯಲೂ ಪ್ರೀತಿಯ ದೀಪ — ಬಾಯಿಪಾಠ ಮಾಡಿದ್ದಾನೆ, ನಾಯಿ — ಅಜ್ಜಿಯ ಕೆನ್ನೆಗೆ, ಅಜ್ಜಿಯರೆಲ್ಲ ಎದ್ದು ನಿಂತರು, ಪೈ ಬಂದಿದೆ, ಬಿಸಿ ಇದೆ, ಎಲ್ಲರೂ ಎದ್ದು ನಿಂತರು, ಅಲ್ಲಿ ಮೊದಲ ಸಾಲಿನ ಅಂಚಿನಲ್ಲಿ ಕೈಗವಸುಗಳು ಕೈಗೇರಿವೆ, ಮೇಲೆದ್ದಿವೆ, ಒಂದಕ್ಕೊಂದು ಬಡಿಯುತ್ತಿವೆ, ಸದ್ದಿಲ್ಲ, ಕೈಗವಸು ತಟ್ಟಿದರೆ ಸದ್ದು ಬರುವುದಿಲ್ಲ, ಕೆಂಪು, ಕೆಂಪು ಕೈಗವಸುಗಳು, ಅವನತ್ತ ತಿರುಗಿಲ್ಲ, ಕೆಂಪು ಕೈಗವಸುಗಳು.

ಶನಿವಾರದ ಕಾರ್ಯಕ್ರಮ ಕೇಡನ್‌ಗೆ ಸಿಕ್ಕಿತು.