ಕೆಂಪು ತಂತಿಯ ಬಾಟಲಿ

"ಬಂದ ನೋಡ್ರೋ ಕಟುಕ!" ಎಂದು ಗಂಟಲಣ್ಣ ಕೂಗಿದ್ದೇ ತಡ, ಬೇಲಿಗುಂಟ ನಿಂತಿದ್ದ ವರ್ಕ್‌ಶಾಪಿನವರೆಲ್ಲ ದನಿಗೂಡಿಸಿದರು. ಗಂಟಲಣ್ಣ ವೆಲ್ಡಿಂಗ್ ಕೆಲಸದವನು. ಯಂತ್ರಗಳ ಸದ್ದಿನ ನಡುವೆ ಕೂಗಿ ಕೂಗಿ ಪಳಗಿದ ಆ ದನಿಗೆ ಮೈಕು ಬೇಕಿರಲಿಲ್ಲ.

ಕಟುಕ ಎಂದರೆ ಗಿರಣಿ ತಂಡದ ವೇಗದ ಬೌಲರ್. ಹೋದ ವರ್ಷ ಅವನ ಬೌನ್ಸರ್ ಬಡಿದು ಗಂಟಲಣ್ಣನ ತಮ್ಮನ ದವಡೆ ಮುರಿದಿತ್ತು. ಆ ತಮ್ಮನೇ ಇವತ್ತು ಫೈನಲಿನಲ್ಲಿ ವರ್ಕ್‌ಶಾಪ್ ತಂಡದ ಪರ ಬ್ಯಾಟ್ ಹಿಡಿದು ನಿಂತಿದ್ದ. ಗೆಲ್ಲಿಸಿಕೊಟ್ಟರೆ ಜಿಲ್ಲಾ ತಂಡದಲ್ಲಿ ಅವನಿಗೆ ಜಾಗ ಖಂಡಿತ ಎನ್ನುತ್ತಿದ್ದರು.

ಆಟಕ್ಕೆ ಮೊದಲೇ ಅಂಪೈರ್ ಬೇಲಿಯ ಬಳಿ ಬಂದು ವರ್ಕ್‌ಶಾಪಿನವರನ್ನು ಎಚ್ಚರಿಸಿದ್ದರು: "ಹೊರಗಿಂದ ಒಂದು ಕಲ್ಲು ಬಿದ್ರೂ ಪಂದ್ಯ ಗಿರಣಿಯವ್ರಿಗೇ. ಆಮೇಲೆ ನನ್ನ ಕೇಳ್ಬೇಡಿ."

ಆಟ ಇನ್ನೇನು ಮುಗಿಯಬೇಕು, ತಮ್ಮ ಹೊಡೆದ ಚೆಂಡು ಬೇಲಿಯತ್ತ ಓಡಿತು. ಕಟುಕ ಹಾರಿಬಿದ್ದು ತಡೆದುಬಿಟ್ಟ. ನಾಲ್ಕಾಗಬೇಕಿದ್ದದ್ದು ಎರಡಕ್ಕೇ ನಿಂತಿತು. ಗಂಟಲಣ್ಣನ ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ನೀರಿನ ಬಾಟಲಿ ಯಾವಾಗ ಹಾರಿತೋ, ಏಳುತ್ತಿದ್ದ ಕಟುಕನ ಕಿವಿಗೆ ಬಡಿದೇಬಿಟ್ಟಿತು.

ಬಾಟಲಿಯ ಕುತ್ತಿಗೆಗೆ ಕೆಂಪು ತಂತಿ ಸುತ್ತಿತ್ತು. ಅದಲುಬದಲಾಗದಿರಲೆಂದು ವರ್ಕ್‌ಶಾಪಿನಲ್ಲಿ ಒಬ್ಬೊಬ್ಬರ ಬಾಟಲಿಗೂ ಒಂದೊಂದು ಬಣ್ಣದ ತಂತಿ. ಕೆಂಪು ಯಾರದೆಂದು ಎಲ್ಲರಿಗೂ ಗೊತ್ತು.

"ಅಯ್ಯೋ ಪುಣ್ಯಾತ್ಮ, ತಮ್ಮನ ಅನ್ನಕ್ಕೆ ನೀನೇ ಮಣ್ಣು ಹಾಕ್ಬಿಟ್ಯಲ್ಲೋ!" ಎಂದ ಪಕ್ಕದಲ್ಲಿದ್ದ ಲೇತ್ ಕೆಲಸದವನು.

ಅಂಪೈರ್ ಓಡಿಬರುತ್ತಿದ್ದರು. ಕಟುಕ ಬಾಟಲಿ ಎತ್ತಿಕೊಂಡ, ಗಂಟಲಣ್ಣನ ಮುಖ ನೋಡಿದ. ಅಂಪೈರಿಗೆ ಕಾಣದಂತೆ ಮೈ ಅಡ್ಡ ಮಾಡಿ ಅದನ್ನು ಬೇಲಿಯಾಚೆ ದಾಟಿಸಿ, "ಬಚ್ಚಿಟ್ಕೊಳ್ಳಿ, ಬೇಗ" ಎಂದ.

"ಏನಿದು ರಕ್ತ?" ಅಂಪೈರ್ ಕೇಳಿದರು.

"ಬಿದ್ದಾಗ ಬೇಲಿ ಗೂಟ ತಾಗ್ತು ಸಾರ್. ಆಟ ನಡೀಲಿ."

ತಲೆಗೆ ಬಟ್ಟೆ ಕಟ್ಟಿಕೊಂಡು ಅವನೇ ಕೊನೆಯ ಓವರ್ ಹಾಕಿದ. ಕೊನೆಯ ಚೆಂಡಿಗೆ ಮೂರು ರನ್ ಬೇಕಿತ್ತು. ತಮ್ಮನ ಸ್ಟಂಪು ಹಾರಿತು.

ಗಂಟಲಣ್ಣ ಒಬ್ಬನೇ ಚಪ್ಪಾಳೆ ತಟ್ಟತೊಡಗಿದ. ಲೇತಿನವನು ಅವನನ್ನೇ ದುರುಗುಟ್ಟಿ ನೋಡಿದ, ಆಮೇಲೆ ತಾನೂ ತಟ್ಟಿದ.

ಸಂಜೆ ತಮ್ಮನನ್ನು ಕರೆದುಕೊಂಡು ಹೋಗಿ ಗಂಟಲಣ್ಣ ಕಟುಕನೆದುರು ನಿಂತ. "ತಪ್ಪಾಯ್ತು. ನೀವು ಒಂದ್ಮಾತು ಹೇಳಿದ್ರೆ ಕಪ್ ಅಲ್ಲೇ ಸಿಕ್ತಿತ್ತಲ್ಲ, ಯಾಕೆ ಹೇಳ್ಲಿಲ್ಲ?"

"ದವಡೆ ಮುರಿದ್ರೂ ನಿಮ್ಮ ತಮ್ಮ ಮತ್ತೆ ನನ್ನೆದುರು ಬಂದು ನಿಂತ. ಅಂಥವನನ್ನ ಬಾಟಲಿ ತೋರ್ಸಿ ಸೋಲಿಸ್ಲಾ? ಹೋದ್ವರ್ಷದ ಬೌನ್ಸರ್ ಬೇಕಂತಲೇ ಹಾಕಿದ್ದು, ಸುಳ್ಳು ಹೇಳಲ್ಲ. ದವಡೆ ಮುರೀಲಿ ಅಂತ ಮಾತ್ರ ಹಾಕ್ಲಿಲ್ಲ."

"ಗೊತ್ತು. ಆಸ್ಪತ್ರೆಗೆ ನೋಡೋಕೆ ಬಂದಿದ್ರಲ್ಲ. ಬಾಗಿಲಲ್ಲೇ ಓಡಿಸಿದ್ದು ನಮ್ಮಣ್ಣ" ಎಂದ ತಮ್ಮ.

ಆ ವರ್ಷ ತಮ್ಮನಿಗೆ ಜಿಲ್ಲಾ ತಂಡದಿಂದ ಕರೆ ಬರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಬೇಜಾರಾಯಿತು.

ಮರುವರ್ಷ ಕಟುಕ ಅದೇ ಬೇಲಿಯ ಬಳಿ ಫೀಲ್ಡಿಂಗಿಗೆ ಬಂದು ನಿಂತ. ಸುಡುಬಿಸಿಲು. ಹಿಂದಿನಿಂದ ಯಾರೋ "ಏ ಕಟುಕಾ!" ಎಂದರು. ಗಂಟಲಣ್ಣ ತಿರುಗಿ ಒಂದು ಸಲ ನೋಡಿದ, ಅಷ್ಟೇ. ಕೂಗಿದವನ ಬಾಯಿ ಮುಚ್ಚಿತು. ಆಮೇಲೆ ಬೇಲಿಯ ಮೇಲಿಂದ ಕೈ ಚಾಚಿ, "ನೀರು ಕುಡೀರಿ" ಎಂದ.

ಕಟುಕ ಕೆಂಪು ತಂತಿಯನ್ನು ನೋಡಿದ. ಅಂದು ಗಾಯವಾಗಿದ್ದ ಕಿವಿಯನ್ನು ಮುಟ್ಟಿಕೊಂಡು ನಕ್ಕ.

"ಪರ್ವಾಗಿಲ್ವೇ, ಈ ಸಲ ಕೈಗೇ ಕೊಡ್ತಿದ್ದೀರಿ!"