ಹಸಿರಾದ ನಾಲ್ಕನೆಯ ಚೌಕ

ಸುರಪುರದಿಂದ ಬೋನಾಳಕ್ಕೆ ಹೋಗುವ ದಾರಿಯಲ್ಲಿರುವ ಒಂದು ಸರಕಾರಿ ಶಾಲೆಯಲ್ಲಿ ಮೌನಮ್ಮ ವಿಜ್ಞಾನದ ಶಿಕ್ಷಕಿ. ತನ್ನ ಕೈಬರಹವೇ ಒಂದು ದಿನ ತನ್ನ ವಿರುದ್ಧ ಸಾಕ್ಷಿ ನುಡಿಯಬಹುದೆಂದು ಅವಳು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಒಂದೇ ಪಾಠವನ್ನು ಎಲ್ಲರೂ ಒಂದೇ ಬಗೆಯಲ್ಲಿ ನುಂಗಬೇಕೆಂಬುದನ್ನು ಅವಳು ಒಪ್ಪಿದವಳಲ್ಲ. ಹೃದಯದ ಪಾಠವಾದಾಗ ಕೆಲವರು ಪುಸ್ತಕ ಓದಿದರು. ಕೆಲವರು ಟ್ಯಾಬ್‌ನಲ್ಲಿ ಅವಳೇ ಮುದ್ರಿಸಿಟ್ಟ ಧ್ವನಿಯನ್ನು ಬೇಕಾದಷ್ಟು ಸಲ ಕೇಳಿದರು. ಕೆಲವರು ಪಕ್ಕದವರ ಮಣಿಕಟ್ಟು ಹಿಡಿದು ನಾಡಿ ಎಣಿಸಿದರು. ಕಲಿತದ್ದನ್ನು ಬರೆದಾದರೂ ತೋರಿಸಬಹುದು, ಚಿತ್ರ ಬಿಡಿಸಿಯಾದರೂ, ಹೇಳಿಯಾದರೂ. ಎಂಟನೆಯ ತರಗತಿಯ ತರನ್ನುಮ ಮಾತಾಡುವಾಗ ಉಗ್ಗುತ್ತಿದ್ದಳು. ಅವಳು ಟ್ಯಾಬ್ ಹಿಡಿದು ಅಕ್ಕಿ ಚೀಲಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತನ್ನ ಧ್ವನಿ ಮುದ್ರಿಸಿ, ಹನ್ನೊಂದು ಸಲ ಅಳಿಸಿ, ಹನ್ನೆರಡನೆಯದನ್ನು ತಂದುಕೊಟ್ಟಳು.

"ಹೃದಯದ ಕವಾಟ ಅಂದ್ರ ನಮ್ಮ ಅಬ್ಬಾನ ಸೈಕಲ್ ಅಂಗಡ್ಯಾಗಿನ ವಾಲ್ ಟ್ಯೂಬ್ ಇದ್ದಂಗ. ಒಳಗ ಹೋದ ಗಾಳಿ ಹೊಳ್ಳಿ ಬರಂಗಿಲ್ಲ."

ಇಡೀ ತರಗತಿ ಕಿವಿಗೊಟ್ಟು ಕೇಳಿತು. ಹನ್ನೆರಡು ವರ್ಷ ಪಾಠ ಹೇಳಿದ ಮೌನಮ್ಮನಿಗೆ ಆ ಹೋಲಿಕೆ ಒಮ್ಮೆಯೂ ಹೊಳೆದಿರಲಿಲ್ಲ.

ಶಹಾಪುರದ ತರಬೇತಿಯಲ್ಲಿ ಅವಳು ಇದನ್ನೆಲ್ಲ ವಿವರಿಸಿದಾಗ ಚಪ್ಪಾಳೆ ಬಿದ್ದವು. ಆ ತರಬೇತಿ ನಡೆಸುತ್ತಿದ್ದ ಯೋಜನೆಯ ಸಂಯೋಜಕ ಶ್ರೀಮಂತ ಒಂದು ಹಾಳೆ ಮುಂದೆ ಸರಿಸಿದ. "ಭಾಳ ಚಲೋ ಅದ ಮೇಡಂ. ಎಲ್ಲಾರಿಗೂ ತಿಳಿಯಂಗ ಒಂದು ಕೋಷ್ಟಕ ಹಾಕಿ ಕೊಡ್ರಿ. ನಾಲ್ಕು ಚೌಕ, ಎದುರಿಗಿ ನಿಮಿಷ." ಅವಳು ಸಂತೋಷದಿಂದಲೇ ಗೆರೆ ಎಳೆದಳು: ಓದು, ಕೇಳು, ಬಿಡಿಸು, ಹೇಳು. ಮಗು ತನಗೆ ಒಗ್ಗಿದ್ದನ್ನು ಆರಿಸಿಕೊಳ್ಳಲಿ ಎಂಬುದನ್ನು ಬಾಯಲ್ಲಿ ಹೇಳಿದಳು. ಕೋಷ್ಟಕದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮೂರು ತಿಂಗಳಲ್ಲಿ ಆ ಕೋಷ್ಟಕ ಆದೇಶವಾಗಿ ಮರಳಿ ಬಂತು, ಬೆನ್ನಿಗೊಂದು ಆ್ಯಪ್ ಕಟ್ಟಿಕೊಂಡು. ಪ್ರತಿ ಮಗುವೂ ನಾಲ್ಕೂ ಚೌಕ ತುಂಬಬೇಕು. ನಾಲ್ಕನೆಯದಕ್ಕೆ ಕ್ಯಾಮೆರಾದೆದುರು ಮುಖ ತೋರಿಸಿ ಎರಡು ನಿಮಿಷ ಮಾತಾಡಬೇಕು. ತುಂಬಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಆದೇಶದ ತಲೆಯ ಮೇಲೆ ಅವಳದೇ ಹೆಸರು.

ಮಾದರಿ ಶಾಲೆ ನೋಡಲು ಯಾದಗಿರಿಯಿಂದ ಅತಿಥಿಗಳು ಬರುವ ದಿನ ಶ್ರೀಮಂತ ಬೆಳಿಗ್ಗೆಯೇ ಬಂದು ಮುಖ್ಯಗುರು ಜಮಾಲಸಾಬರ ಕೋಣೆಯಲ್ಲಿ ಕುಳಿತಿದ್ದ.

"ನಲವತ್ತೊಂದು ಮಕ್ಕಳೊಳಗ ಒಂದೇ ಕೆಂಪು. ಮದುಮಗಳ ಹಣಿಮ್ಯಾಗಿನ ಕುಂಕುಮ ಕಂಡಂಗ ಕಾಣಾಕತ್ತದ ನೋಡ್ರಿ, ದೂರದಿಂದಾನೇ."

"ತರನ್ನುಮಳ ಧ್ವನಿ ನನ್ನ ಹತ್ರ ಅದ ಸರ್. ಕೇಳ್ರಿ ಒಮ್ಮೆ," ಎಂದಳು ಮೌನಮ್ಮ.

"ಬರೇ ಧ್ವನಿ ತಗೊಳ್ಳಂಗಿಲ್ರಿ ಆ್ಯಪ್. ಮಾರಿ ಕಾಣಬೇಕು."

"ಹಂಗಾರ ಚೌಕಾನೇ ತಪ್ಪು ಅದ್ರಿ."

"ಯಾರು ಹಾಕಿದ ಚೌಕ?" ಶ್ರೀಮಂತ ಫೋನನ್ನು ಅವಳ ಕಡೆಗೆ ತಿರುಗಿಸಿದ. ಅವಳ ಹಾಳೆ, ಅವಳ ದುಂಡಗಿನ ಅಕ್ಷರ. "ನಾ ಬರದೀನೇನ್ರಿ ಇದನ್ನ?"

ಜಮಾಲಸಾಬರು ಕೆಟ್ಟವರಲ್ಲ, ಜಗಳ ಬೇಡದವರು. "ಒಂದ್ ಕೆಲಸ ಮಾಡೋಣವ್ವಾ. ಸಾಲಿಗಿ ಬರಲಾರದ ಮಕ್ಕಳ ಪಟ್ಟಿ ಅದಲ್ಲ, ಮನಿಯಾಗ ಕಲಿಯೋರದು, ಅದಕ್ಕ ಆಕಿ ಹೆಸರು ಸೇರಿಸಿಬಿಡೋಣ. ಆಗ ಚೌಕಾನೇ ಇರಂಗಿಲ್ಲ."

"ಆಕಿ ದಿನಾ ಬರ್ತಾಳ್ರಿ ಸರ್. ಎರಡು ಮೈಲಿ ನಡಕೋತ."

"ಬರಲಿ, ಬ್ಯಾಡಂದವ್ರ್ಯಾರು? ಹಾಜರಿ ಹಾಕಂಗಿಲ್ಲ, ಅಷ್ಟ."

"ಹಾಜರಿ ಇಲ್ಲಂದ್ರ ಮುಂದಿನ ವರ್ಷ ಒಂಬತ್ತನೇತ್ತಕ್ಕ ಯಾರು ತಗೋತಾರ್ರಿ?"

ಎಲ್ಲ ಮಕ್ಕಳನ್ನೂ ಒಳಗೊಂಡಿದ್ದೇವೆಂದು ಸಾರುವ ಸಲುವಾಗಿ ಒಂದು ಮಗುವನ್ನು ಹೊರಗೆ ಹಾಕುವ ಈ ಲೆಕ್ಕದಲ್ಲಿ ಅವರಿಬ್ಬರಿಗೂ ದೋಷ ಕಾಣಲಿಲ್ಲ. ದೋಷ ಕಂಡವಳ ಬಾಯನ್ನು ಅವಳ ಹಾಳೆಯೇ ಮುಚ್ಚಿಸಿತ್ತು.

ಬಾಗಿಲಲ್ಲಿ ತರನ್ನುಮ ನಿಂತಿದ್ದಳು. ಹಾಜರಿ ಪುಸ್ತಕ ಒಯ್ಯಲು ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನಾ... ನಾ ನಿಂದರ್ತೀನ್ರಿ."

"ಬ್ಯಾಡವ್ವಾ," ಎಂದಳು ಮೌನಮ್ಮ. ಶ್ರೀಮಂತ ಆಗಲೇ ಟ್ಯಾಬ್ ಎತ್ತಿ ಹಿಡಿದಿದ್ದ.

ಪರದೆಯ ಮೂಲೆಯಲ್ಲಿ ಅಂಕಿಗಳು ಓಡತೊಡಗಿದವು. ಹುಡುಗಿಯ ತುಟಿ 'ಹೃ' ಎಂಬಲ್ಲಿ ಸಿಕ್ಕಿಕೊಂಡಿತು. ಅವಳು ಕಣ್ಣು ಮುಚ್ಚಿ ತೆರೆದಳು, ಮತ್ತೆ ಯತ್ನಿಸಿದಳು. ಕೊರಳ ನರ ಉಬ್ಬಿತು, ಓಢಣಿಯ ತುದಿ ಬೆರಳುಗಳಲ್ಲಿ ಹುರಿಗೊಂಡಿತು. ಜಮಾಲಸಾಬರು ಕಿಟಕಿಯ ಆಚೆ ನೋಡಿದರು. ಮೌನಮ್ಮ ಕೈ ಅಡ್ಡ ಹಿಡಿಯಲು ಎದ್ದಳು. ಅರ್ಧಕ್ಕೆ ನಿಲ್ಲಿಸಿದರೆ ಮೊದಲಿನಿಂದ ಆರಂಭಿಸಬೇಕಾಗುವುದೆಂದು ನೆನಪಾಗಿ ಹಾಗೆಯೇ ನಿಂತುಬಿಟ್ಟಳು. ಎರಡು ನಿಮಿಷ ತುಂಬಿತು. ಟ್ಯಾಬ್ ಟಿಣ್ ಎಂದಿತು. ಚೌಕ ಹಸಿರಾಯಿತು.

"ಆತು ನೋಡ್ರಿ. ಇಷ್ಟಕ್ಕ ಮುಂಜಾನಿಂದ ಇಷ್ಟು ರಗಳಿ," ಎಂದ ಶ್ರೀಮಂತ.

"ಆಕಿ ಒಂದು ಮಾತೂ ಆಡಿಲ್ಲ ಸರ್."

"ಅದೇನು ಕೂತು ಕೇಳ್ತದೇನ್ರಿ ಮೇಡಂ? ಎರಡು ನಿಮಿಷ ಮಾರಿ ಕಂಡ್ರ ಅದಕ್ಕ ಸಾಕು."

ಮೌನಮ್ಮ ಟ್ಯಾಬ್ ಕಸಿದುಕೊಂಡು ಆ ದೃಶ್ಯವನ್ನು ಅಳಿಸುವ ಗುಂಡಿ ಹುಡುಕಿದಳು. ಕೆಂಪನ್ನು ಹಸಿರಾಗಿಸಲು ದಾರಿಯಿತ್ತು. ಹಸಿರನ್ನು ಹಿಂದಕ್ಕೆ ಪಡೆಯಲು ಇರಲಿಲ್ಲ. ಕೆಳಗೊಂದು ಸಾಲು ತೆರೆದುಕೊಂಡಿತು: 'ಈ ವಿದ್ಯಾರ್ಥಿನಿ ಪಾಠವನ್ನು ಮೌಖಿಕವಾಗಿ ವಿವರಿಸಿದ್ದಾಳೆಂದು ದೃಢೀಕರಿಸುತ್ತೇನೆ.' ಅದರ ಪಕ್ಕದಲ್ಲಿ ಶಿಕ್ಷಕರ ಹೆಬ್ಬೆರಳಿಗೆ ಜಾಗ.

"ಒತ್ರಿ. ಇಲ್ಲಂದ್ರ ಸರ್ ಹೇಳಿದ ಪಟ್ಟಿ ಅದ," ಎಂದ ಶ್ರೀಮಂತ. ಹೊರಗೆ ಅತಿಥಿಗಳ ಜೀಪು ಬಂದು ನಿಂತ ಸದ್ದಾಯಿತು.

ಸುಳ್ಳು ಹೇಳಬಾರದೆಂದು ಇದೇ ಶಾಲೆಯ ಗೋಡೆಗೆ ಅವಳು ಬಣ್ಣದಲ್ಲಿ ಬರೆಸಿದ್ದಳು. ಹೆಬ್ಬೆರಳು ಒತ್ತಿದಳು.

ತರನ್ನುಮ ಪಕ್ಕದಲ್ಲಿಯೇ ಇದ್ದಳು. ಓದಿನಲ್ಲಿ ಚುರುಕಾದವಳು, ಆ ಸಾಲನ್ನು ಮೊದಲಿನಿಂದ ಕೊನೆಯತನಕ ಓದಿದಳು. ಆಮೇಲೆ ಶಿಕ್ಷಕಿಯ ಮುಖ ನೋಡಿದಳು.

"ನಾ... ನಾಳಿನೂ ಇಷ್ಟ ನಿಂತ್ರ ಸಾ... ಸಾಕೇನ್ರಿ ಮೇಡಂ?"

"ಸಾಕು ಸಾಕು, ಶಾಣ್ಯಾ ಹುಡುಗಿ. ಹೋಗು, ಕ್ಲಾಸಿನ್ಯಾಗ ಕೂಡು," ಎಂದರು ಜಮಾಲಸಾಬರು, ಟೋಪಿ ಸರಿಪಡಿಸಿಕೊಳ್ಳುತ್ತ.

ಮೌನಮ್ಮ ಆ ಮಾತನ್ನು ತಿದ್ದಲಿಲ್ಲ. ಹುಡುಗಿ ತಲೆಯಾಡಿಸಿ, ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು ತರಗತಿಯ ಕಡೆಗೆ ನಡೆದಳು.